ಸರಪಳಿಯಿಲ್ಲದ ಆನೆ

ಪರದೇಶದ ನಮ್ಮೂರು ಸನ್ನಿವೇಲಿನ ಗ್ರೋಸರಿ ಅಂಗಡಿಯಿಂದ ತಂದ ಪುಟ್ಟ ಬಾಳೆಹಣ್ಣಿನ ಚಿಪ್ಪು ಕಳಿತು, ಇಂದು ಬೆಳಿಗ್ಗೆ ಮನೆಯೆಲ್ಲ ಅದರದೇ ವಾಸನೆ. ಆ ವಾಸನೆ ಮೂಗಿಗೆ ತಾಗಿದ್ದೇ ತಡ, ನೆನಪಿನ ಸಣ್ಣ ವಿಮಾನವೊಂದು ಕಿವಿಯಲ್ಲಿ ಮೊಳಗತೊಡಗಿತು... ಪಕ್ಕದ ಸೀಟಿನಲ್ಲಿ, ಮಡಿಲ ತುಂಬ ಬಾಳೆಹಣ್ಣು ಇಟ್ಟುಕೊಂಡ ಕಾಕು.

ಚಿಕ್ಕಮ್ಮ ಎಂಬಂತೆ ನಾನು ಕಾಕು ಎಂದು ಕರೆಯುತ್ತಿದ್ದ ಆ ಹಿರಿಯರು ಧಾರವಾಡದವರು, ನಮ್ಮ ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಮಗಳೊಂದಿಗಿದ್ದರು. ಅವರ ಬಾಲ್ಯದ ಓಣಿಗೆ ಮಾವುತನೊಬ್ಬ ಆನೆ ಕರೆತರುತ್ತಿದ್ದನಂತೆ. ಬಾಳೆಹಣ್ಣು ಕೊಟ್ಟರೆ ಅದು ತಲೆ ಮುಟ್ಟಿ ಹರಸುತ್ತಿತ್ತು. ಎಲ್ಲರೂ ಸೊಂಡಿಲನ್ನು ನೋಡುವಾಗ ಆ ಪುಟ್ಟ ಹುಡುಗಿ ನೋಡಿದ್ದು ಸರಪಳಿ ಉಜ್ಜಿ ಹುಣ್ಣಾದ ಕಾಲನ್ನು. ಕಾಡಿನ ಜೀವವನ್ನು ಕಟ್ಟಿ, ಬೀದಿಯಲ್ಲಿ ಬೇಡಿಸಿ, ಅದನ್ನು ನಾವು ಭಕ್ತಿ ಎಂದು ಕರೆದೆವು. ಅದು ಕ್ರೌರ್ಯ, ಬೇರೆ ಹೆಸರು ಅದಕ್ಕಿಲ್ಲ.

ಪರಿಸರ ಸಭೆಯೊಂದಕ್ಕೆ ನಾನು ಜಾಂಜಿಬಾರಿಗೆ ಹೊರಟಿರುವುದು ತಿಳಿದಾಗ ಅವರು ಬಾಗಿಲಲ್ಲಿ ನಿಂತು ಘೋಷಿಸಿದರು: "ನಾನೂ ಬರ್ತೇನಿ. ಸಾಯೂದ್ರಾಗ ಒಮ್ಮೆ ಸರಪಳಿ ಇಲ್ಲದ ಆನಿ ನೋಡಬೇಕು."

"ಇಲ್ಲೇ ಝೂನಾಗ ಆನಿ ಅದಾವಲ್ಲ ಅವ್ವಾ, ವೀಕೆಂಡು ಕರಕೊಂಡು ಹೋಗ್ತೇನಿ," ಎಂದರು ಮಗಳು.

"ಬೇಲಿನೂ ಅದ ಅಲ್ಲ?"

ಮಗಳು ಅವರಿಗೂ ಟಿಕೆಟ್ಟು ತೆಗೆಸಿದರು.

ಆನೆ ನೋಡಲು ನಮಗೆ ದೊರೆತದ್ದು ಒಂದೇ ದಿನ: ಬೆಳಿಗ್ಗೆ ಜಾಂಜಿಬಾರ್ ದ್ವೀಪದಿಂದ ಹಾರಿ ತಾಂಜಾನಿಯಾದ ಒಳನಾಡಿನ ಅಭಯಾರಣ್ಯವೊಂದರಲ್ಲಿ ಇಳಿಯುವುದು, ಸಂಜೆಗೆ ಮರಳುವುದು. ಕೆಳಗೆ ಹವಳದ ದಿಬ್ಬಗಳ ಮೇಲೆ ತೆಳುವಾಗಿ ಹರಡಿದ ಸಮುದ್ರ. ಆಮೇಲೆ ಕೆಂಪು ನೆಲ, ಕೆಸರು ನದಿ, ಅದರಲ್ಲಿ ಬಂಡೆಗಳಂತೆ ಬಿದ್ದುಕೊಂಡ ನೀರುಕುದುರೆಗಳು! ದನ ಮೇಯಿಸಿಕೊಂಡಿದ್ದವರನ್ನು ಒಂದು ಮಾತೂ ಕೇಳದೆ ಇಂಥ ಕಾಡುಗಳಿಗೆ ಗಡಿ ಎಳೆದ ಬಿಳಿಯ ಆಳರಸರ ಅನ್ಯಾಯವನ್ನೂ, ನಮ್ಮದೇ ವಿಮಾನದ ಹೊಗೆಯನ್ನೂ ನಾನು ಕಾಕುವಿಗೆ ವಿವರಿಸುತ್ತಿದ್ದೆ.

"ನೀ ಹೇಳೂದು ಖರೇನ ಅದ. ಆದ್ರ ಭಾಷಣ ಇಳದ ಮ್ಯಾಲೆ ಮಾಡವಾ. ಈಗ ಕಿಡಕಿ ಬಿಟ್ಟು ಸರಿ."

ಕಿಟಕಿಯಿಂದ ಸರಿದೆ. ಇಂದಿಗೂ ಆ ಮಾತು ನೆನೆದು ನಗುತ್ತೇನೆ. ಆ ಅನ್ಯಾಯಗಳನ್ನು ಹೇಳುವುದನ್ನು ಮಾತ್ರ ಬಿಟ್ಟಿಲ್ಲ.

ತೆರೆದ ಜೀಪಿನಲ್ಲಿ ದಿನವೆಲ್ಲ ಅಲೆದೆವು. ಜಿರಾಫೆ ಕಂಡವು, ಜೀಬ್ರಾಗಳ ಹಿಂಡು ಕಂಡಿತು, ನೆರಳಲ್ಲಿ ಆಕಳಿಸುವ ಸಿಂಹಿಣಿಯೂ ಕಂಡಳು. ಆನೆ ಮಾತ್ರ ಇಲ್ಲ. ರನ್‌ವೇಗೆ ದೀಪಗಳಿಲ್ಲ, ಬೆಳಕಿರುವಾಗಲೇ ಹಾರಬೇಕು ಎಂದು ಗೈಡು ಜೀಪನ್ನು ತಿರುಗಿಸಿದ. ಕಾಕು ಹಿಂದಕ್ಕೆ ತಿರುಗಿ ತಿರುಗಿ ನೋಡುತ್ತಿದ್ದರು...

ಮಣ್ಣಿನ ರನ್‌ವೇ ಕಂಡದ್ದೇ ಗೈಡು ಬ್ರೇಕು ಹಾಕಿದ. ನಟ್ಟನಡುವೆ ಆನೆಗಳು! ತಾಯಂದಿರು, ಮರಿಗಳು, ಕಿವಿ ಬೀಸುತ್ತ, ಸೊಂಡಿಲಿನಿಂದ ಧೂಳೆರಚಿಕೊಳ್ಳುತ್ತ! ಆಚೆ ವಿಮಾನದ ನೆರಳಲ್ಲಿ ಪೈಲಟ್ಟು ಕೈಕಟ್ಟಿ ಕಾಯುತ್ತಿದ್ದ. ಮನುಷ್ಯರು ಆನೆಯ ಅಪ್ಪಣೆಗೆ ಕಾಯುವುದನ್ನು ನಾನು ಅಂದೇ ಮೊದಲು ಕಂಡದ್ದು. ಕಾಕು ನನ್ನ ತೋಳನ್ನು ಹಿಂಡಿದರು.

"ಕಾಲು ನೋಡು... ಅಯ್ಯ, ಕಾಲು ನೋಡ!"

ಹುಣ್ಣಿಲ್ಲದ, ಧೂಳು ಮೆತ್ತಿದ ಕಾಲುಗಳು.

ಕಾಕು ಬಾಳೆಹಣ್ಣು ಹಿಡಿದ ಕೈಯನ್ನು ಆಗಲೇ ಹೊರಗೆ ಚಾಚಿದ್ದರು. ಗೈಡು ಮೆಲ್ಲಗೆ ತಡೆದ. ಅವನ ಇಂಗ್ಲಿಷನ್ನು ನಾನು ಕನ್ನಡಕ್ಕೆ ತಂದೆ: ಮನುಷ್ಯರ ಕೈತಿಂಡಿಯ ರುಚಿ ಹತ್ತಿದ ಆನೆ ಊರಿಗೆ ಬರುತ್ತದೆ, ಊರಿಗೆ ಬಂದ ಆನೆಯನ್ನು ಜನ ಉಳಿಸುವುದಿಲ್ಲ.

ಒಂದು ಕ್ಷಣ ಆ ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ಹಣ್ಣು ಮಡಿಲಿಗೆ ಮರಳಿತು.

"ಹಂಗಾರ ಬ್ಯಾಡ," ಎಂದರು. "ಇಷ್ಟು ದೂರ ಬಂದು ನಾನೂ ಒಂದು ಸರಪಳಿ ಹಾಕಿದಂಗ ಆಗ್ತದ."

ಹಿಂಡು ತನಗೆ ಮನಸ್ಸು ಬಂದಾಗ ಕಾಡು ಸೇರಿತು. ವಿಮಾನ ಮೇಲೇರಿದಾಗ ಕಾಕು ಹಣ್ಣು ಸುಲಿದು, ಮುರಿದು, ಅರ್ಧ ನನಗೆ ಕೊಟ್ಟರು. "ತಿನ್ನು, ಆನಿ ಪಾಲು." ಅವರ ಕಣ್ಣು, ಮುಖ, ಎಲ್ಲವೂ ನಗುತ್ತಿದ್ದವು. ಅಂದಿನಿಂದ ನಮ್ಮಿಬ್ಬರಲ್ಲಿ ಯಾರ ಮನೆಗೆ ಬಾಳೆಹಣ್ಣು ಬಂದರೂ ಅದು ಅರ್ಧವಾಗಿ ಇನ್ನೊಂದು ಬಾಗಿಲಿಗೆ ಹೋಗುತ್ತಿತ್ತು.

ಕಾಕು ತೀರಿಕೊಂಡ ಮೇಲೆ ಅವರ ಮಗಳು ಎವರ್‌ಗ್ರೀನ್ ಎಂಬ ಬೇರೆ ಬಡಾವಣೆಗೆ ಮನೆ ಬದಲಿಸಿದರು. ಆನೆಗಳ ಸೆರೆಯ ವಿರುದ್ಧ ನಾನು ಮಾತಾಡುವ ಸಭೆಗಳಲ್ಲಿ ಈಗಲೂ ಮೊದಲು ಹೇಳುವುದು, ಹಿಂದಕ್ಕೆ ಬಂದ ಆ ಕೈಯ ಕಥೆಯನ್ನೇ. ಇಂದು ಬೆಳಿಗ್ಗೆ ಹಣ್ಣು ಸುಲಿದು, ರೂಢಿಯಂತೆ ಅರ್ಧಕ್ಕೆ ಮುರಿದು, ಪಕ್ಕದ ಮನೆಯ ಬಾಗಿಲಿನವರೆಗೂ ಹೋದೆ...

ಆನೆಯ ಪಾಲು ಕೈಯಲ್ಲೇ ಉಳಿಯಿತು.