ಮುಷ್ಕರದ ವರ್ಷ ಒಗೆದ ಅಂಗಿಗಳು

ಸೊಲಾಂಜ್ ಕೆರ್ವೆಲ್ಲಾ ಕೂತಲ್ಲಿ ಕೂರುವ ಹೆಂಗಸಲ್ಲ. ಬ್ರಿಟನಿ ಕರಾವಳಿಯ ಮೀನುಗಾರರ ಮನೆ ಬಿಟ್ಟು ಪ್ಯಾರಿಸ್ಸಿಗೆ ಬಂದ ಮೇಲೂ ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆಯೇ ಇದ್ದಳು. ಪ್ರತಿ ಮೇ ತಿಂಗಳು ರೋಲಾಂ ಗಾರೋಸ್ ಟೆನಿಸ್ ಪಂದ್ಯಾವಳಿಯಲ್ಲಿ ಅವಳಿಗೆ ಕೆಲಸ. ಆಟಗಾರರ ಬೆವರು ಬಟ್ಟೆ ಲಾಂಡ್ರಿಗೆ ಕಳಿಸಬೇಕು, ವಾಪಸು ಬಂದದ್ದಕ್ಕೆ ಇಸ್ತ್ರಿ ಹಾಕಬೇಕು. ಅಲ್ಲಿನ ಅಂಗಳಕ್ಕೆ ಹಾಸುವುದು ಕೆಂಪು ಇಟ್ಟಿಗೆಪುಡಿ. ಜಾರಿಬಿದ್ದವನ ಬಿಳಿ ಚಡ್ಡಿಯಿಂದ ಅದನ್ನು ಬಿಡಿಸುವುದೆಂದರೆ ಹರಸಾಹಸ.

೧೯೬೮ರ ಮೇನಲ್ಲಿ ದೇಶಕ್ಕೆ ದೇಶವೇ ಮುಷ್ಕರ ಹೂಡಿತು. ರೈಲಿಲ್ಲ, ಪೆಟ್ರೋಲಿಲ್ಲ, ಬೀದಿ ತುಂಬ ಕಸದ ಗುಡ್ಡೆ, ಮುಷ್ಕರದವರ ಕೆಂಪು ಬಾವುಟ. ಅವಳ ಗಂಡ ಫೆರ್ನಾಂ ಕಾರು ಕಾರ್ಖಾನೆಯ ಕೆಲಸಗಾರ. ಜೊತೆಗಾರರೊಂದಿಗೆ ಕಾರ್ಖಾನೆಯೊಳಗೇ ಠಿಕಾಣಿ ಹೂಡಿದ್ದ. ಟೆನಿಸ್ ಮಾತ್ರ ನಿಲ್ಲಲಿಲ್ಲ. ಲಾಂಡ್ರಿಗೆ ಬೀಗ ಬಿದ್ದಿತ್ತು. ಆಟಗಾರರ ಕೋಣೆಯ ಮೇಲ್ವಿಚಾರಕ ಬೊಡ್ರಿ, "ತೊಟ್ಟಿಯಲ್ಲೇ ಒಗೆದುಬಿಡಿ, ಮಾದಾಮ್" ಅಂದ. ಅವಳು ಒಗೆದಳು. ಉಗುರಿನ ಸಂದಿಯೆಲ್ಲ ಕೆಂಪಾಯಿತು.

ಸಂಜೆ ಬ್ರೆಡ್ಡು, ಸಾಸೇಜು ಹಿಡಿದು ಕಾರ್ಖಾನೆಯ ಗೇಟಿಗೆ ಹೋದರೆ ಗಂಡ ಸಿಡುಕಿದ.

"ಊರೆಲ್ಲ ಕೆಲಸ ನಿಲ್ಸಿದೆ. ನೀನು ಶ್ರೀಮಂತರ ಚಡ್ಡಿ ಒಗೀತಾ ಕೂತಿದ್ದೀಯ. ಇಲ್ಲಿ ನನ್ನ ಮರ್ಯಾದೆ ಏನಾಗ್ಬೇಕು?"

"ಈ ವರ್ಷ ಅವರೂ ಕೂಲಿಯವರೇ ಕಣೋ. ಇಷ್ಟು ದಿನ ಮೇಜಿನಡಿ ದುಡ್ಡು ಇಸ್ಕೊಂಡು, ನಾವು ಬರೀ ಖುಷಿಗೆ ಆಡ್ತೀವಿ ಅಂತಿದ್ರು. ಇದೇ ಮೊದಲ್ನೇ ಸಲ ರಾಜಾರೋಷವಾಗಿ ದುಡ್ಡಿಗೆ ಆಡ್ತಿದ್ದಾರೆ. ಕೂಲಿ ಕೇಳೋದು ನಿನ್ನೊಬ್ಬನ ಹಕ್ಕಾ?"

"ಅವರು ಕೇಳಿದ್ರು, ಸಿಕ್ತು. ನೀನೇನು ಕೇಳ್ದೆ?"

ಆ ಮಾತು ಅವಳ ಮೈಗೆ ಮುಳ್ಳಿನಂತೆ ಹತ್ತಿಕೊಂಡಿತು. ನಿಂತರೂ ಚುಚ್ಚಿತು, ನಡೆದರೂ ಚುಚ್ಚಿತು. ಮರುದಿನ ಬೆಳಿಗ್ಗೆ ತೊಟ್ಟಿಗೆ ಕೈ ಹಾಕಿದವಳು ಹಾಗೇ ತೆಗೆದು ಏಪ್ರನ್ನಿಗೆ ಒರೆಸಿಕೊಂಡಳು.

"ಎರಡರಷ್ಟು ಕೂಲಿ ಕೊಡಿ, ಜೊತೆಗೆ ಇನ್ನೊಬ್ಬರನ್ನ ಕೊಡಿ. ಆಮೇಲೆ ಒಗೀತೀನಿ."

ಬೊಡ್ರಿ ಬೆವೆತ. "ಮಧ್ಯಾಹ್ನ ಪಂದ್ಯ ಇದೆ, ಮಾದಾಮ್!"

"ಇರ್ಲಿ, ನಿನ್ನೆ ಅಂಗೀಲೇ ಆಡ್ಲಿ. ಹೇಗೂ ಈ ತಿಂಗಳು ಪ್ಯಾರಿಸ್ಸಲ್ಲಿ ಕೆಂಪು ಬಣ್ಣ ಚಾಲ್ತೀಲಿದೆಯಲ್ಲ!"

ಟವೆಲ್ ಸುತ್ತಿಕೊಂಡು ನಿಂತಿದ್ದ ಆಟಗಾರರು ಗೊಳ್ಳೆಂದು ನಕ್ಕರು. ಬೊಡ್ರಿ ಕೂಲಿಗೇನೋ ಒಪ್ಪಿದ. ಆದರೆ ರೈಲಿಲ್ಲದ ಊರಿನಲ್ಲಿ ಇನ್ನೊಬ್ಬರನ್ನು ಎಲ್ಲಿಂದ ತರುವುದು? ಕೋಟು ಕಳಚಿ, ತೋಳು ಮಡಚಿ ತಾನೇ ತೊಟ್ಟಿಯ ಮುಂದೆ ಬಗ್ಗಿದ.

ಫೈನಲ್ ದಿನ ಜನ ಸೈಕಲ್ಲಿನಲ್ಲಿ, ಕಾಲ್ನಡಿಗೆಯಲ್ಲಿ ನುಗ್ಗಿಬಂದರು. ಹೆಂಡತಿ ಕೂಲಿ ಏರಿಸಿಕೊಂಡ ಸುದ್ದಿ ಕೇಳಿ ಫೆರ್ನಾಂ ಕೂಡ ಬಂದ. ಸೊಲಾಂಜ್ ಅವನನ್ನು ಹಿಂಬದಿಯ ಮೆಟ್ಟಿಲಿನಿಂದ ಮೇಲಕ್ಕೆ ಕರೆದೊಯ್ದಳು. ಅಷ್ಟು ವರ್ಷ ಅಲ್ಲಿ ದುಡಿದರೂ ಅವಳು ಒಂದು ಪಂದ್ಯವನ್ನೂ ನೋಡಿರಲಿಲ್ಲ. ಕೈಕಟ್ಟಿ ಬಿಗುಮಾನದಿಂದ ನಿಂತ ಗಂಡ ಸ್ವಲ್ಪ ಹೊತ್ತಿಗೆಲ್ಲ ಕೂಗಾಡತೊಡಗಿದ. ಅವಳಿಗೆ ಚೆಂಡು ಕಾಣಲೇ ಇಲ್ಲ. ಆಟಗಾರ ಜಾರಿದಾಗಲೆಲ್ಲ ಅವನ ಕೆಂಪಾದ ಚಡ್ಡಿ, ಕಾಲುಚೀಲಗಳೇ ಕಣ್ಣಿಗೆ ಹೊಡೆಯುತ್ತಿದ್ದವು.

"ಸುಮ್ನೆ ನಿಂತ್ಕೊಳೇ," ಅಂದ ಫೆರ್ನಾಂ.

"ಆ ಚಡ್ಡಿ ಗತಿ ನೋಡೋ! ನಂಗಾಗಲ್ಲ," ಎಂದು ಅವಳು ದಡದಡ ಕೆಳಗಿಳಿದಳು.

ಕೆಲವು ದಿನಗಳಲ್ಲಿ ಕಾರ್ಖಾನೆ ತೆರೆಯಿತು, ಫೆರ್ನಾಂನ ಸಂಬಳವೂ ಏರಿತು. ಮರುವರ್ಷ ಲಾಂಡ್ರಿಯ ಬಾಗಿಲು ತೆರೆದಿದ್ದರೂ ಸೊಲಾಂಜಳ ಕೂಲಿ ಇಳಿಯಲಿಲ್ಲ. ಅವಳಿಗೆ ಮಾತ್ರ ನೆಮ್ಮದಿಯಿಲ್ಲ. ಇನ್ನೂ ಏನೇನು ಕೇಳಬಹುದಿತ್ತು, ಅಷ್ಟಕ್ಕೇ ಯಾಕೆ ಒಪ್ಪಿಕೊಂಡೆ ಎಂದು ಅಡುಗೆಮನೆಯಲ್ಲಿ ಅತ್ತಿಂದಿತ್ತ ಓಡಾಡುತ್ತಲೇ ಇದ್ದಳು.