ಕಾಕಾ ಹೊಡೆದುಹಾಕಿದ ಹೂಂ

ಕಾಕಾ ನನ್ನ ಕಥೆಯನ್ನು ತಿದ್ದಿದ್ದು ಕೆಂಪು ಶಾಯಿಯಲ್ಲೋ ಹಸಿರಿನಲ್ಲೋ, ಈಗ ಖಚಿತವಿಲ್ಲ. ತಿದ್ದಿದ ಪುಟಗಳ ಫೋಟೋ ಮೊಬೈಲಿಗೆ ಕಳಿಸಿದ್ದರು. ಆಮೇಲೆ ಸಿಟ್ಟಿನಲ್ಲಿ ಅಳಿಸಿಬಿಟ್ಟೆ. ನೆನೆದಾಗಲೆಲ್ಲ ಕೆಂಪೇ ಕಾಣುತ್ತದೆ, ಅದು ನನ್ನ ಸಿಟ್ಟಿನ ಬಣ್ಣವೂ ಇರಬಹುದು, ಹಾಗಾಗಿ ಅದನ್ನೂ ನಂಬುವುದಿಲ್ಲ. ಹೊಡೆದುಹಾಕಿದ್ದು ಏನನ್ನು ಎಂಬುದು ಮಾತ್ರ ಮರೆತಿಲ್ಲ.

ಆಳಂದದ ನಮ್ಮ ಮನೆಯಲ್ಲಿ ಅವ್ವ ಕಥೆ ಹೇಳುವಾಗ ಕೇಳುವವರು "ಹೂಂ" ಅನ್ನುತ್ತಲೇ ಇರಬೇಕು. ಹೂಂ ನಿಂತರೆ ಕಥೆಯೂ ನಿಂತಿತು. "ಗ್ವಾಡಿಗೆ ಹೇಳಾಕತ್ತೇನೇನು?" ಎಂದು ಎದ್ದು ರೊಟ್ಟಿ ಬಡಿಯಲು ಹೋಗಿಬಿಡುತ್ತಿದ್ದಳು.

ಎಂ.ಎ. ಓದುವಾಗ ಒಬ್ಬ ಆಫ್ರಿಕನ್ ಕಾದಂಬರಿಕಾರನ ಪುಸ್ತಕ ಸಿಕ್ಕಿತು. ಆಳಿದವರ ಇಂಗ್ಲಿಷಿನಲ್ಲೇ ಬರೆದಿದ್ದ, ಆದರೆ ಅದರೊಳಗೆ ಮಾತಾಡುತ್ತಿದ್ದವರು ಅವನ ಊರಿನ ಹಿರಿಯರು. ಆ ಧೈರ್ಯದಲ್ಲೇ ಅವ್ವನ ಒಂದು ಕಥೆಯನ್ನು ಅವಳ ಮಾತಿನಲ್ಲೇ, ನಮ್ಮ ಹೂಂಗಳ ಸಮೇತ ಬರೆದೆ.

ಕಾಕಾ, ಅಂದರೆ ಅಪ್ಪನ ತಮ್ಮ, ಅಫಜಲಪುರದಲ್ಲಿ ಉಪನ್ಯಾಸಕರು; ಅತ್ತಿಗೆಯಾದ ಅವ್ವನನ್ನು ವೈನಿ ಎಂದೇ ಕರೆಯುವವರು. ನಮ್ಮ ಕಡೆಯ ಕಥೆಗಳ ಸಂಕಲನ ಮಾಡುತ್ತಿದ್ದರು, ಅವರಿಗೇ ಕೊಟ್ಟೆ. ತಿರುಗಿ ಬಂದಾಗ ಅವ್ವನ ಮಾತೆಲ್ಲ ಪಠ್ಯಪುಸ್ತಕದ ಕನ್ನಡವಾಗಿತ್ತು. ಹೂಂ ಒಂದೂ ಉಳಿದಿರಲಿಲ್ಲ. ಫೋನು ಮಾಡಿ ಕೇಳಿದೆ.

"ಓದೋರಿಗೆ ತಿಳೀಬೇಕಲ್ಲವ್ವ. ಮನಿ ಮಾತು ಮನ್ಯಾಗ ಛಂದ," ಅಂದರು.

ತಿದ್ದಿದ್ದನ್ನು ಅವ್ವನಿಗೆ ಓದಿದೆ. ತೊಗರಿಬೇಳೆ ಕೇರುತ್ತ ಕುಳಿತವಳು ಒಮ್ಮೆಯೂ ಹೂಂ ಅನ್ನಲಿಲ್ಲ.

"ಕೇಳಾಕತ್ತಿಯೋ ಇಲ್ಲೋ ಬೇ?"

"ಕೇಳಾಕತ್ತೇನಿ. ಯಾವ ಸಾಹೇಬ್ರ ಹೇಂತಿ ಮಾತಾಡಾಕತ್ತಾಳ ಇದ್ರಾಗ?"

"ನೀನ ಬೇ."

"ನಾ ಯಾವಾಗ ಇಷ್ಟ ಶಾಣ್ಯಾಕಿ ಆದ್ನಿ?"

ಮುಂದೆ ಜೇವರ್ಗಿಯ ಸಾಹಿತ್ಯ ಸಭೆಯೊಂದರಲ್ಲಿ ಕಾಕಾ ಅದೇ ಆಫ್ರಿಕನ್ ಕಾದಂಬರಿಕಾರನ ಬಗ್ಗೆ ಭಾಷಣ ಮಾಡಿದರು. ಪರರ ಆಳ್ವಿಕೆಯಿಂದ ಹೊರಬಂದ ನಾಡುಗಳ ಬರಹಗಾರರಿಗೆಲ್ಲ ಅವನು ದಾರಿ ತೋರಿಸಿದ, ತನ್ನ ಜನರ ಮಾತಿಗೆ ಅಂಜಲಿಲ್ಲ ಎಂದರು. ಜನ ಚಪ್ಪಾಳೆ ತಟ್ಟಿದರು. ನನ್ನ ಮೈ ಉರಿಯಿತು. ಸಮುದ್ರದಾಚೆಯ ಮುದುಕಿ ತನ್ನಂತೆ ಮಾತಾಡಿದರೆ ಪ್ರತಿರೋಧ, ನಮ್ಮ ಅಡುಗೆಮನೆಯವಳು ಮಾತಾಡಿದರೆ ತಪ್ಪು ಕನ್ನಡ. ಒಬ್ಬ ಲೇಖಕನ ಪ್ರಭಾವವೆಂದರೆ ವೇದಿಕೆಯ ಮೇಲೆ ಹೆಸರು ಹೇಳಿ ಕೈಮುಗಿಯುವುದಷ್ಟೇ ಏನು? ಕಾಕಾ ಕೂಡ ಅವ್ವನ ಮುಂದೆ ಕುಳಿತು ಹೂಂ ಅಂದವರು. ಅಥವಾ ಹಾಗೆಂದು ನಾನು ಕಲ್ಪಿಸಿಕೊಂಡೆನೋ.

ಸಭೆ ಮುಗಿದ ಮೇಲೆ, ಬರೆದ ಹಾಗೆಯೇ ಹಾಕುವುದಾದರೆ ಹಾಕಿ, ಇಲ್ಲದಿದ್ದರೆ ನನ್ನ ಕಥೆ ಬೇಡ ಎಂದು ಹೇಳಿದೆ. ಅವರು ಕಪ್ಪಿನ ಚಹಾ ಬಸಿಗೆ ಸುರಿದು ಊದುತ್ತ ನಿಂತರು. ಸಂಕಲನ ಈಗ ಬಂದಿದೆ. ಅದರಲ್ಲಿ ಅವ್ವನ ಕಥೆ ಇಲ್ಲ. ಅಂದು ನಾನು ಕೊನೆಗೆ ಕೇಳಿದ್ದು ಇಷ್ಟು:

"ಕಾಕಾ, ಆ ಕಾದಂಬರಿಕಾರನ ಊರಿನ ಮಾತಿಗೆ ಇಷ್ಟ್ ಮಂದಿ ಕೈಲೆ ಚಪ್ಪಾಳಿ ಹೊಡಿಸಿದ್ರಿ. ನಿಮ್ಮ ವೈನಿ ಮಾತಿಗೆ ಒಂದು ಹೂಂ ಅನ್ನಾಕ ಏನ್ ಅಡ್ಡ ಬಂತ್ರಿ?"