ಕೊನೆಯ ಸಾಲಿನ ಕೊರತೆ

ಭಾನುವಾರ ಬೆಳಿಗ್ಗೆ ಜಾಲಹಳ್ಳಿಯ ಪಾರ್ಕಿನಲ್ಲಿ ನಾವು ಕೆಲವರು ಸೇರುತ್ತೇವೆ. ಹೆಚ್ಚಿನವರು ಕಾರ್ಖಾನೆಯಿಂದ ನಿವೃತ್ತರಾದವರು. ಒಬ್ಬರು ಕನ್ನಡ ಮೇಡಂ. ಪ್ರತಿ ವಾರ ಒಬ್ಬರು ತಾವೇ ಬರೆದ ಆರು ಸಾಲಿನ ಷಟ್ಪದಿ ತರಬೇಕು. ಮೊದಲು ಪ್ರಸ್ತಾರ, ಆಮೇಲೆ ಅರ್ಥ ಎಂಬುದು ನಮ್ಮ ಕಟ್ಟಳೆ. ಅಕ್ಷರಗಳ ಮೇಲೆ ಲಘು ಗುರು ಹಾಕಿ, ಲಘುವಿಗೊಂದು ಗುರುವಿಗೆರಡು ಮಾತ್ರೆ ಎಣಿಸಿ, ಪ್ರಾಸ ಒಪ್ಪುವವರೆಗೆ ಪದ್ಯ ಏನು ಹೇಳುತ್ತಿದೆ ಎಂದು ಯಾರೂ ಕೇಳುವಂತಿಲ್ಲ.

ಕಳೆದ ಚಳಿಗಾಲದ ಒಂದು ಭಾನುವಾರ ಪದ್ಯ ತಂದವರು ನಮ್ಮ ಹಾಡುಗಾರರು. ಎಲ್ಲರ ಪದ್ಯಗಳನ್ನೂ ಕೊನೆಗೆ ರಾಗ ಹಾಕಿ ಹಾಡುತ್ತಿದ್ದವರು ಅವರೇ. ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಬಂದು, ಪದ್ಯವನ್ನು ನನ್ನ ಕೈಗಿತ್ತು ಕುಳಿತರು. ಬೆಂಚಿಗೆ ಒರಗಿಸಿದ್ದ ಬಿಳಿ ಹಲಗೆಯ ಮೇಲೆ ನಾನು ಆರೂ ಸಾಲು ಬರೆದೆ. ಮೊದಲೆರಡು ಹೀಗಿದ್ದವು:

ನಾಳೆ ಕೊರಳನು ಬಿಟ್ಟು ಹೋಗುವ
ಬಾಳ ಗೆಳೆಯನೆ ದನಿಯೆ ಕೇಳೈ

ಮೂರು ನಾಲ್ಕು, ಮೂರು ನಾಲ್ಕು. ಗಣಗಳು ಸರಿಯಾಗಿ ಬಿದ್ದವು. ಎಲ್ಲ ಸಾಲಿನಲ್ಲೂ ಎರಡನೆಯ ಅಕ್ಷರ ಳಕಾರ. ಕೊನೆಯ ಸಾಲಿಗೆ ಬಂದಾಗ ಮಾತ್ರ ನಾಲ್ಕು ಮಾತ್ರೆ ಕಡಿಮೆ ಬಿತ್ತು.

“ಏನ್ ಸಾರ್, ನಮ್ಮ ತಪ್ಪನ್ನೆಲ್ಲ ರಾಗದಲ್ಲಿ ಮುಚ್ತಿದ್ರಿ, ನಿಮ್ದೇ ಮುಚ್ಚೋಕಾಗ್ಲಿಲ್ವಾ?” ಎಂದರು ನನ್ನ ಪಕ್ಕದವರು. ನಕ್ಕೆವು. ಅವರೂ ನಕ್ಕರು. ‘ಮೆಲ್ಲನೆ’ ಸೇರಿಸಿ ಎಂದು ಒಬ್ಬರು, ‘ಒಲವಿನ’ ಕೂರುತ್ತದೆ ಎಂದು ಇನ್ನೊಬ್ಬರು. ಅದರಲ್ಲೇ ಬಹಳ ಹೊತ್ತು ಹೋಯಿತು.

ಮೇಡಂ ಇನ್ನೂ ಮೊದಲ ಸಾಲಿನಲ್ಲೇ ನಿಂತಿದ್ದರು. “‘ನಾಳೆ’ ಅಂತ ಯಾಕ್ ಹಾಕಿದ್ರಿ ಸಾರ್? ಪ್ರಾಸಕ್ಕಾ?”

“ಇಲ್ಲ ಮೇಡಂ. ನಾಳೆ ಆಪರೇಷನ್. ಗಂಟಲಲ್ಲಿ ಗಡ್ಡೆ. ಧ್ವನಿಪೆಟ್ಟಿಗೇನೇ ತೆಗೀತಾರಂತೆ.”

ಕೆಲವು ವಾರಗಳಿಂದ ಅವರ ದನಿ ಒರಟಾಗಿತ್ತು. ಶೀತವಿರಬೇಕು ಎಂದುಕೊಂಡಿದ್ದೆವು.

ನಾನು ಹಲಗೆಯನ್ನು ನೋಡಿದೆ. ಅಲ್ಲೇ ಇತ್ತು, ನಾನೇ ದಪ್ಪಕ್ಷರದಲ್ಲಿ ಬರೆದದ್ದು. ‘ಕೊರಳನು’ ಎಂಬುದರ ಮೇಲೆ ನಾಲ್ಕು ಲಘು ಹಾಕಿದ್ದೆ. ಆ ಪದವನ್ನು ಓದಿರಲಿಲ್ಲ.

“ಒಂದ್ಸಲ ಹಾಡ್ಬಿಡ್ತೀನಿ. ಅದಕ್ಕೇ ಬಂದಿದ್ದು,” ಎಂದರು.

ಬೆಳಗಿನ ಹತ್ತಕ್ಕೆ ಪಾರ್ಕಿನ ಗೇಟು ಹಾಕುವ ಹೊತ್ತಾಗಿ ಕಾವಲುಗಾರ ಸೀಟಿ ಊದುತ್ತಿದ್ದ. ಮೇಡಂ ಎದ್ದು ಹೋಗಿ ಅವನಿಗೆ ಏನೋ ಹೇಳಿದರು. ಸೀಟಿ ನಿಂತಿತು.

ಅವರು ಹಾಡಿದರು. ನಡುವೆ ದನಿ ಒಡೆಯಿತು. ಒಡೆದಲ್ಲಿಂದಲೇ ಮತ್ತೆ ಎತ್ತಿಕೊಂಡರು. ಕೊನೆಯ ಸಾಲಿನಲ್ಲಿ ಪದ ಮುಗಿದರೂ ನಿಲ್ಲಿಸಲಿಲ್ಲ. ಕೊನೆಯ ಅಕ್ಷರವನ್ನು ಎಳೆದರು, ಕೊರತೆಯಿದ್ದ ನಾಲ್ಕು ಮಾತ್ರೆಗಳನ್ನೂ ದಾಟಿ, ಉಸಿರಿರುವಷ್ಟೂ. ನನ್ನ ಬೆರಳುಗಳು ಅಭ್ಯಾಸಬಲದಿಂದ ಎಣಿಸತೊಡಗಿದ್ದವು. ಕೈ ಮುಷ್ಟಿ ಕಟ್ಟಿ ಹಿಡಿದುಕೊಂಡೆ.